ಸಾಫ್ಟ್‌ವೇರಿನ ನಾಮಕರಣಕ್ಕೆ ಹಾಕಿದ ಶಾಮಿಯಾನ

ಶಾಮಿಯಾನ ಹಾಕುವವನ ಬಾಳೇ ಹೀಗೆ. ಕಂಬ ನೆಟ್ಟ ಕಡೆಯೆಲ್ಲ ಒಂದೊಂದು ಪ್ರಸಂಗ ತಾನಾಗಿಯೇ ಬಂದು ಆ ಕಂಬಕ್ಕೆ ಒರಗಿಕೊಂಡು ನಿಲ್ಲುತ್ತದೆ. ಕರೆಯೋದೂ ಬೇಡ, ಕಳಿಸೋದಕ್ಕೂ ಆಗಲ್ಲ.

ನನ್ನ ಬಟ್ಟೆಯ ನೆರಳಲ್ಲಿ ತಾಳಿ ಕಟ್ಟದವರು ಹಾಸನದ ಸುತ್ತಮುತ್ತ ಯಾರಿದ್ದಾರೋ ಕರಕೊಂಡು ಬನ್ನಿ, ನೋಡೋಣ. ಒಂದು ಸಲ ಕಟ್ಟಾಯದಲ್ಲಿ ಎದ್ದ ಗಾಳಿಗೆ ನನ್ನ ಶಾಮಿಯಾನ ಕಂಬ ಸಮೇತ ಮೇಲೆದ್ದು, ಹೇಮಾವತಿ ಹೊಳೆ ದಾಟಿ, ಮಲ್ಲಿಪಟ್ಟಣದ ಒಂದು ಮದುವೆ ಮನೆ ಮುಂದೆ ಅಚ್ಚುಕಟ್ಟಾಗಿ ಇಳಿಯಿತು. ಬಿಚ್ಚಿಕೊಂಡು ಬರೋಣ ಅಂತ ನಾನು ಹೋದರೆ, "ಧಾರೆ ಮುಗಿಯೋವರ್ಗೂ ಮುಟ್ಬ್ಯಾಡಿ ಯಜಮಾನ್ರೇ, ದೇವ್ರೇ ಕಳ್ಸವ್ನೆ" ಅಂತ ಕೂರಿಸಿ ಊಟ ಹಾಕಿದರು. ನಂಬದವರು ಮಲ್ಲಿಪಟ್ಟಣಕ್ಕೆ ಹೋಗಿ ಕೇಳಬಹುದು. ಕೇಳಬೇಕಾದವರು ಯಾರೂ ಈಗ ಬದುಕಿಲ್ಲ, ಅದು ಬೇರೆ ಮಾತು.

ನಾನು ಸ್ಕೂಲಿನ ಮೆಟ್ಟಿಲು ತುಳಿದವನಲ್ಲ. ಲಗ್ನಪತ್ರಿಕೆಗಳನ್ನ ಕೂಡಿಸಿ ಕೂಡಿಸಿ ಓದಿಯೇ ಅಕ್ಷರ ಕಲಿತದ್ದು. ಅದಕ್ಕೇ ನನ್ನ ಬರವಣಿಗೆ ಎಲ್ಲಿ ಶುರುವಾದರೂ "ತಾವು ಸಕುಟುಂಬ ಸಪರಿವಾರ ಸಮೇತ" ಅನ್ನೋ ಕಡೆಗೆ ಜಾರುತ್ತದೆ. ಆದರೆ ಈ ಕಸುಬಿನಲ್ಲಿ ನನಗೊಂದು ಪಂಥ ಇತ್ತು: ನನ್ನ ಶಾಮಿಯಾನದಡಿ ಒಂದೇ ಒಂದು ಕುರ್ಚಿ ಖಾಲಿ ಉಳಿಯಕೂಡದು. ಖಾಲಿ ಕುರ್ಚಿ ಕಂಡರೆ ಕಾರ್ಯದ ಮನೆಯವರ ಮುಖ ಹೇಗಾಗುತ್ತದೆ ಅಂತ ನೋಡಿದವನು ನಾನು. ಜನ ಬರಲಿಲ್ಲವೋ, ರಸ್ತೆಯಲ್ಲಿ ಹೋಗುವವರನ್ನಾದರೂ ಕರೆದು ಕೂರಿಸುತ್ತಿದ್ದೆ. ಎಷ್ಟೋ ಮದುವೆಗಳಲ್ಲಿ ಅಕ್ಷತೆ ಹಾಕಿದವರಿಗೆ ಗಂಡು ಯಾರು, ಹೆಣ್ಣು ಯಾರು ಅಂತಲೇ ಗೊತ್ತಿರಲಿಲ್ಲ. ಆದರೆ ಫೋಟೋದಲ್ಲಿ ಎಲ್ಲರೂ ತುಂಬು ಮುಖದಲ್ಲಿ ನಗ್ತಾ ಇದ್ದಾರೆ.

ಇಂಥಾ ನನಗೆ ಒಂದು ಕಾರ್ಯ ಮಾತ್ರ ದಕ್ಕಲಿಲ್ಲ. ನೆನೆಸಿಕೊಂಡರೆ ನಗು ಬರುತ್ತೆ, ನಕ್ಕ ಮೇಲೆ ಯಾಕಾದರೂ ನಕ್ಕೆನೋ ಅನ್ನಿಸುತ್ತೆ.

೧. ಬಾಣಂತನ ಮಾಡೋರಿಲ್ಲದ ಮಗು

ಹಾಸನದ ಒಂದು ಕಾಲೇಜಲ್ಲಿ ಕಂಪ್ಯೂಟರ್ ಪಾಠ ಹೇಳುವ ಮೇಡಮ್ಮ ಒಬ್ಬರು ಸ್ಕೂಟರ್ ನಿಲ್ಲಿಸಿ ನಮ್ಮ ಗೋದಾಮಿಗೆ ಬಂದರು.

"ಯಜಮಾನ್ರೇ, ನಾಲ್ಕು ಊರಲ್ಲಿ ನಾಲ್ಕು ಸಮಾರಂಭ ಮಾಡ್ಬೇಕು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ."

"ಏನ್ ಕಾರ್ಯ ಮೇಡಮ್ಮ? ಮದ್ವೇನಾ, ಆರತಿನಾ?"

"ಹೊಸ ಸಾಫ್ಟ್‌ವೇರ್ ಬರ್ತಿದೆ. ಅದು ಬಂದಾಗ ಪ್ರಪಂಚದಲ್ಲೆಲ್ಲ ಜನ ಅವರವರ ಊರಲ್ಲಿ ಸೇರಿ ಸಂತೋಷ ಪಡ್ತಾರೆ. ನಾವೂ ಪಡೋಣ ಅಂತ."

ನನಗೆ ಅರ್ಥ ಆಗಲಿಲ್ಲ. ಆ ತಾಯಿ ಕುರ್ಚಿ ಎಳೆದುಕೊಂಡು ಕೂತು ಬಿಡಿಸಿ ಹೇಳಿದರು. ಕಂಪ್ಯೂಟರ್ ಒಳಗೆ ಕೂತು ಅದನ್ನ ನಡೆಸೋ ಒಂದು ಸಾಫ್ಟ್‌ವೇರು. ಅದಕ್ಕೆ ಒಡೆಯ ಅಂತ ಇಲ್ಲ. ಎಲ್ಲೆಲ್ಲಿನವರೋ ತಮ್ಮ ತಮ್ಮ ಮನೆಯಲ್ಲಿ ಕೂತು, ಬಿಡುವಿದ್ದಾಗ ಒಂದೊಂದು ಚೂರು ಬರೆದು ಸೇರಿಸ್ತಾರೆ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಊರಿಗೆಲ್ಲ ಹಂಚಬಹುದು. ಬೀಗ ಹಾಕಿಕೊಳ್ಳೋ ಹಾಗಿಲ್ಲ. ಆರು ತಿಂಗಳಿಗೊಂದು ಹೊಸದು ಹುಟ್ಟುತ್ತೆ. ಪರದೆ ಮೇಲೆ ಬರೋ ಮಾತೆಲ್ಲ ಕನ್ನಡದಲ್ಲಿ ಬರೋ ಹಾಗೆ ಈ ಮೇಡಮ್ಮ, ಇನ್ನಿಬ್ಬರು ಮೇಷ್ಟ್ರು ಸೇರಿ ಮಾಡಿದ್ದಾರೆ.

"ಅಂಗಾರೆ ಇದು ನಾಮಕರಣ ಅನ್ನಿ" ಅಂದೆ. "ತಾಯಿ ಯಾರು ಇದಕ್ಕೆ?"

"ಒಬ್ಬರಲ್ಲ, ಸಾವಿರಾರು ಜನ."

"ತಂದೆ?"

"ಅವರೇ."

ಅಡುಗೆ ಕಂಟ್ರಾಕ್ಟು ನನ್ನ ಹೆಂಡತಿಯದು. ಅವಳು ಸೌಟು ಹಿಡಿದುಕೊಂಡೇ ಒಳಗಿಂದ ಬಂದು ಕೇಳಿದಳು: "ಬಾಣಂತನ ಯಾರ್ ಮಾಡದು ಮತ್ತೆ?"

ಮೇಡಮ್ಮ ನಗಲಿಲ್ಲ. "ಅದೇ ಅಮ್ಮ ತೊಂದರೆ. ಮಾಡೋರೇ ಇಲ್ಲ. ಪ್ರತಿ ಸಲ ಹೊಸದು ಬಂದಾಗ ಕನ್ನಡದ ಕೆಲಸ ಮತ್ತೆ ಬೀಳುತ್ತೆ. ಇದ್ದ ಮೂವರಲ್ಲಿ ಒಬ್ಬರಿಗೆ ವರ್ಗ ಆಯ್ತು, ಇನ್ನೊಬ್ಬರಿಗೆ ಕಣ್ಣು ಮಂಜು. ನಾನೊಬ್ಬಳೇ ಉಳಿದೆ. ಈ ನಾಲ್ಕೂರಲ್ಲಿ ಎಲ್ಲಾದ್ರೂ ಸರಿ, ಒಬ್ಬರು ಎದ್ದು 'ಮುಂದಿನ್ದಕ್ಕೆ ನಾನಿದೀನಿ' ಅಂದ್ರೆ ಸಾಕು. ಯಾರೂ ಅನ್ನದಿದ್ರೆ ಇದೇ ಕೊನೆ. ಆಮೇಲೆ ಬರೋದು ಕನ್ನಡ ಇಲ್ಲದೇ ಬರುತ್ತೆ."

"ಒಬ್ರಾ? ನನ್ ಹೆಸ್ರು ಹೇಳಿದ್ರೆ ನಾನೂರ್ ಜನ ಬತ್ತಾರೆ ಬುಡಿ" ಅಂದೆ.

"ನಲವತ್ತು ಕುರ್ಚಿ ಸಾಕು ಯಜಮಾನ್ರೇ."

ನಲವತ್ತು ಕುರ್ಚಿಗೆ ಯಾರಾದರೂ ಟೆಂಪೋ ತೆಗೆಯುತ್ತಾರೆಯೇ? ಹಾಸನದ ಆ ಬಯಲಲ್ಲಿ ನಾನು ಬಾಳೆಕಂದು ಕಟ್ಟಿದ ಸ್ವಾಗತದ ಕಮಾನು ನಿಲ್ಲಿಸಿದೆ, ಸೀರಿಯಲ್ ಸೆಟ್ ದೀಪ ಎಳೆದೆ, ಇನ್ನೂರು ಕುರ್ಚಿ ಹಾಕಿದೆ. ವೇದಿಕೆ ಮಧ್ಯೆ ನಮ್ಮ ಮನೆಯ ಹಳೇ ಮರದ ತೊಟ್ಟಿಲು ತಂದು, ಸೇವಂತಿಗೆ ಸುತ್ತಿ ತೂಗುಹಾಕಿದೆ. ಮೇಡಮ್ಮ ಕಣ್ಣು ಕಣ್ಣು ಬಿಟ್ಟರು. ಆದರೂ ನನ್ನ ಮನಸ್ಸು ನೋಯಿಸಬಾರದು ಅಂತ ತಮ್ಮ ಲ್ಯಾಪ್‌ಟಾಪನ್ನ ಅದರೊಳಗೆ ಮಲಗಿಸಿದರು. ನನ್ನ ಹೆಂಡತಿ ಮಾತ್ರ ದೂರದಲ್ಲಿ ನಿಂತು, "ಉಟ್ಟೋಕ್ ಮುಂಚೆ ತೊಟ್ಲು ಕಟ್ಬಾರ್ದು" ಅಂತ ಗೊಣಗುತ್ತಿದ್ದಳು.

ಕೇಸರಿಬಾತು ಒಲೆಯಿಂದ ಇಳಿದ ಹೊತ್ತಿಗೆ ಮೇಡಮ್ಮನ ಫೋನಿಗೆ ಸುದ್ದಿ ಬಂತು. ಕೊನೇ ಗಳಿಗೆಯಲ್ಲಿ ಅದರಲ್ಲಿ ಏನೋ ದೋಷ ಸಿಕ್ಕಿದೆ, ಇವತ್ತು ಬರಲ್ಲ, ಒಂದು ವಾರ ತಡ. ಕೂತಿದ್ದ ಜನ ಏಳೋಕೆ ಶುರು ಮಾಡಿದರು. ಏಳೋಕೆ ಬಿಡ್ತೀನಾ? ಮೈಕು ಹಿಡಿದು, "ಬಂಧುಗಳೇ, ಮಗು ಅಡ್ಡ ತಿರುಗ್ಬುಟ್ಟೈತೆ. ದೊಡ್ಡ ದೊಡ್ಡ ಡಾಕ್ಟ್ರು ನೋಡ್ತಾವ್ರೆ. ಯಾರೂ ಗಾಬ್ರಿ ಆಗ್ಬ್ಯಾಡಿ" ಅಂದುಬಿಟ್ಟೆ.

ಅಷ್ಟೇ ಸಾಕಾಯಿತು. ಬೀದಿಯ ಹೆಂಗಸರೆಲ್ಲ ವೇದಿಕೆ ಹತ್ತಿ ಮೇಡಮ್ಮನ ತಲೆ ಸವರತೊಡಗಿದರು. "ಧೈರ್ಯ ತಗೊಳವ್ವ, ಹಾಸನಾಂಬೆಗೆ ಹೇಳ್ಕೊ." ಒಂದು ಅಜ್ಜಿ ಲ್ಯಾಪ್‌ಟಾಪಿಗೆ ಕುಂಕುಮ ಇಟ್ಟು ದೃಷ್ಟಿ ತೆಗೆಯಿತು. ಅದೇ ಹೊತ್ತಿಗೆ ಕಂಪ್ಯೂಟರ್ ಬಲ್ಲವರ ಹಾಗೆ ಕಾಣುತ್ತಿದ್ದ ಇಬ್ಬರು ಬೈಕಲ್ಲಿ ಬಂದರು. ವೇದಿಕೆ ಮೇಲೆ ತೊಟ್ಟಿಲು, ಸುತ್ತ ಸೆರಗಲ್ಲಿ ಕಣ್ಣೊರೆಸಿಕೊಳ್ಳೋ ಹೆಂಗಸರು. ನೋಡಿದವರೇ ಹೆಲ್ಮೆಟ್ ತೆಗೆದು, ಒಂದು ಗಳಿಗೆ ತಲೆತಗ್ಗಿಸಿ ನಿಂತು, ಸದ್ದು ಮಾಡದೆ ಬೈಕು ತಳ್ಳಿಕೊಂಡು ಹೊರಟುಹೋದರು. ಮೇಡಮ್ಮ ಹೆಂಗಸರ ಮಧ್ಯದಿಂದ ಬಿಡಿಸಿಕೊಂಡು ಬರೋ ಹೊತ್ತಿಗೆ ರಸ್ತೆ ಖಾಲಿ.

ಸಂಜೆ ತೊಟ್ಟಿಲು ಬಿಚ್ಚುವಾಗ ನನ್ನ ಹೆಂಡತಿ ಅಂದಳು: "ನೀವಿಲ್ಲಿ ತೊಟ್ಲು ಕಟ್ಟಿದ್ದಕ್ಕೆ ಅಲ್ಲಿ ಅಮೆರಿಕದಲ್ಲಿ ಹೆರಿಗೆ ನಿಂತೋಯ್ತು. ನಿಮ್ಮ ಕೈಗುಣ ಸಮುದ್ರ ದಾಟ್ತು ಬುಡಿ."

೨. ಮುಯ್ಯಿ ಬೇಡ ಅಂದದ್ದಕ್ಕೆ

ವಾರ ಕಳೆದು ಅದು ನಿಜವಾಗಿಯೂ ಬಂತು. ಈ ಸಲ ಹೊಳೆನರಸೀಪುರದ ಛತ್ರದಲ್ಲಿ. ಮೇಡಮ್ಮ ಸಣ್ಣ ಸಣ್ಣ ಪೆನ್‌ಡ್ರೈವುಗಳಲ್ಲಿ ಸಾಫ್ಟ್‌ವೇರು ತುಂಬಿಸಿ, ಬಂದವರಿಗೆ ತಾಂಬೂಲದ ಜೊತೆ ಕೊಡೋಣ ಅಂತ ಜೋಡಿಸಿಟ್ಟಿದ್ದರು. ಜನ ಸೇರಿಸೋದು ನನ್ನ ಜವಾಬ್ದಾರಿ. ಸುತ್ತಿನ ಹಳ್ಳಿಗೆಲ್ಲ ನಾನೇ ಹೋಗಿ, ಬಾಗಿಲಿಗೆ ಕುಂಕುಮ ಹಚ್ಚಿ ಕರೆದು ಬಂದಿದ್ದೆ. ಛತ್ರ ತುಂಬಿತು.

ಎಲೆ ಹಾಕಿ, ಪಲ್ಯ ಕೋಸಂಬರಿ ಬಡಿಸಿ ಆಗಿದೆ. ಮೊದಲ ಸಾಲಲ್ಲಿ ಕೂತಿದ್ದ ಪೇಟದ ದೊಡ್ಡಗೌಡರು ಅನ್ನಕ್ಕೆ ಕೈ ಹಾಕದೆ ಕೇಳಿದರು: "ಮುಯ್ಯಿ ಎಲ್ಲವ್ವಾ ಬರ್ಕೊಳ್ಳದು?"

ಮೇಡಮ್ಮ ಕೈ ಮುಗಿದು, "ಏನೂ ತಗೊಳಲ್ಲ ಗೌಡ್ರೇ. ಇದು ಎಲ್ಲರಿಗೂ ಪುಕ್ಕಟೆ" ಅಂದರು.

ಗೌಡರು ಪಕ್ಕದವರ ಮುಖ ನೋಡಿದರು. "ನಾಳೆ ನಮ್ಮನೆ ಕಾರ್ಯಕ್ಕೆ ನೀನ್ ಬರಲ್ವಾ?"

"ಬರ್ತೀನಿ."

"ಬಂದು ಮುಯ್ಯಿ ಮಾಡಕಿಲ್ವಾ?"

"ಮಾಡ್ತೀನಿ."

"ಮತ್ತೆ ನಮ್ ಮುಯ್ಯಿ ಬ್ಯಾಡ ಅಂದ್ರೆ? ಸಂಬಂಧ ಬ್ಯಾಡ ಅಂದಂಗಲ್ವಾ? ನಾವೇನು ಉಂಡು ಕೈ ಒರೆಸ್ಕೊಂಡ್ ಓಗೋ ಜನ ಅಂದ್ಕೊಂಡಾ?"

ಹಿಂದಿನ ಸಾಲಿನಿಂದ ಒಬ್ಬ ಎದ್ದ. "ಊಟವೂ ಪುಕ್ಕಟೆ, ವಸ್ತುವೂ ಪುಕ್ಕಟೆ. ಇದ್ರಲ್ಲಿ ಏನೋ ಐತೆ ಕಣ್ರಪ್ಪೋ. ನಾಳಿಕೆ ಓಟು ಕೇಳೋಕ್ ಬತ್ತಾರೆ ನೋಡ್ರಿ." ನೋಡನೋಡುತ್ತ ಪಂಕ್ತಿಗೆ ಪಂಕ್ತಿಯೇ ಎಲೆ ಮುಂದೆ ಕೈ ಕಟ್ಟಿ ಕೂತಿತು. ಸಾರು ಹಿಡಿದುಕೊಂಡ ನಮ್ಮವರು ಸಾಲಿನ ನಡುವೆ ಕಲ್ಲಾಗಿ ನಿಂತರು.

ಮೇಡಮ್ಮ ಬೆವರೊರೆಸಿಕೊಂಡು ಕೊನೆಗೆ ಅಂದರು: "ಗೌಡ್ರೇ, ಮುಯ್ಯಿ ಮಾಡಲೇಬೇಕು ಅಂದ್ರೆ ದುಡ್ಡು ಬೇಡ. ಈ ಕೆಲಸದಲ್ಲಿ ಯಾರಾದ್ರೂ ಒಂದಿಷ್ಟು ಕೈ ಜೋಡಿಸಿ. ಅದೇ ನನಗೆ ಮುಯ್ಯಿ."

"ಕೆಲ್ಸನಾ?" ಗೌಡರ ಮೀಸೆ ನಡುಗಿತು. "ಊಟ ಹಾಕಿ ಕೆಲ್ಸ ಹೇಳದು ಆಳಿಗೆ ಕಣವ್ವ. ನೆಂಟ್ರಿಗಲ್ಲ."

ಇನ್ನು ಬಿಟ್ಟರೆ ಅನ್ನ ಆರಿಹೋಗುತ್ತೆ ಅಂತ ನಾನೇ ಮಧ್ಯೆ ಹೋದೆ. "ಮುಯ್ಯಿ ತಗೋತಾರೆ, ಆದ್ರೆ ದುಡ್ಡಲ್ಲ, ಪದಾರ್ಥ" ಅಂದೆ. ಅದು ಎಲ್ಲರಿಗೂ ಒಪ್ಪಿಗೆಯಾಯಿತು. ಉಂಡವರು ಉಂಡ ಕೈಯಲ್ಲೇ ಮನೆಗೆ ಹೋಗಿ, ತೆಂಗಿನಕಾಯಿ, ಬಾಳೆಗೊನೆ, ಬೆಲ್ಲದಚ್ಚು, ವೀಳ್ಯದೆಲೆ ಕಂತೆ ತಂದು ಗುಡ್ಡೆ ಹಾಕಿದರು. ದೊಡ್ಡಗೌಡರು ಒಂದು ಹೇಂಟೆ ಕೋಳಿ ತಂದು ನನ್ನ ಕೈಗಿಟ್ಟರು.

ಈಗ ಕೂತು ಯೋಚಿಸಿದರೆ ಗೊತ್ತಾಗುತ್ತೆ. ತಗೊಂಡವನು ತಿರುಗಿ ಕೊಡಬೇಕು ಅಂತ ಗೌಡರು ಹೇಳಿದ್ದು, ಮೇಡಮ್ಮ ಹೇಳಿದ್ದೂ ಅದನ್ನೇ. ಇಬ್ಬರೂ ಒಂದೇ ಮಾತಾಡುತ್ತಿದ್ದರು. ಅವರಿಬ್ಬರ ನಡುವೆ ನಾನು ಕೋಳಿ ಹಿಡಿದುಕೊಂಡು ನಿಂತಿದ್ದೆ.

ಮೇಡಮ್ಮ ಲಿಂಗಾಯತರ ಮನೆಯವರು, ಮೊಟ್ಟೆಯನ್ನೂ ಮುಟ್ಟೋರಲ್ಲ. ಮುಯ್ಯಿಯನ್ನ ಬೇರೆಯವರಿಗೆ ದಾಟಿಸಬಾರದು ಅಂತ ನಾನೇ ಹೇಳಿದ್ದೆ. ಆ ಕೋಳಿ ಬಸ್ಸಲ್ಲಿ ಅವರ ತೊಡೆ ಮೇಲೆ ಕೂತು ಹಾಸನಕ್ಕೆ ಹೋಯಿತು. ಕಂಡಕ್ಟರು ಅದಕ್ಕೂ ಅರ್ಧ ಟಿಕೆಟ್ ಹರಿದನಂತೆ. ನಾಲ್ಕು ಊರು ಸುತ್ತಿ ಅವರು ಸಂಪಾದಿಸಿದ ಒಂದೇ ಒಂದು ಜೀವ ಅದು.

೩. ಮೂಲೇಲಿ ಬಿದ್ದಿರೋ ಮಿಷನ್ನು

ಅರಕಲಗೂಡಿಗೆ ಹೋಗುವ ಮೊದಲು ಮೇಡಮ್ಮ ನನ್ನ ಕೂರಿಸಿಕೊಂಡು ಹೇಳಿದರು: "ಯಜಮಾನ್ರೇ, ಈ ಸಲ ಊಟ ಬೇಡ, ತೊಟ್ಟಿಲು ಬೇಡ. ಹಳೇ ಕಂಪ್ಯೂಟರ್ ಇರೋರು ತಗೊಂಡು ಬರಲಿ. ಅದಕ್ಕೆ ಈ ಸಾಫ್ಟ್‌ವೇರ್ ಹಾಕಿ ಮತ್ತೆ ನಡೆಯೋ ಹಾಗೆ ಮಾಡಿಕೊಡ್ತೀವಿ. ಆಟೋದಲ್ಲಿ ಇಷ್ಟೇ ಕೂಗಿ."

ಆಟೋ ಮೇಲೆ ಮೈಕು ಕಟ್ಟಿಕೊಂಡು ಹೊರಟೆ. ಮೊದಲ ಸುತ್ತು ಅವರು ಹೇಳಿದ ಹಾಗೇ ಕೂಗಿದೆ. ಒಬ್ಬರೂ ತಿರುಗಿ ನೋಡಲಿಲ್ಲ. ನನಗೆ ಖಾಲಿ ಕುರ್ಚಿಗಳು ಕಣ್ಣ ಮುಂದೆ ಬಂದವು. ಎರಡನೇ ಸುತ್ತಿಗೆ ಮಾತನ್ನ ಸ್ವಲ್ಪ ಅಗಲ ಮಾಡಿದೆ: "ಮನೆ ಮೂಲೇಲಿ ಬಿದ್ದಿರೋ ಹಳೇ ಮಿಷನ್ ಏನಿದ್ರೂ ತನ್ನಿ. ಹಾಸನದ ಮೇಡಮ್ಮ ಜೀವ ತುಂಬ್ತಾರೆ. ಪುಕ್ಕಟೆ, ಪುಕ್ಕಟೆ." ಮಲ್ಲಿಪಟ್ಟಣಕ್ಕೂ ಹೋಗಿ ಕೂಗಿ ಬಂದೆ. ಹೊಳೆನರಸೀಪುರದಲ್ಲಿ ಪುಕ್ಕಟೆ ಅಂದರೆ ಸಿಟ್ಟಾದರು, ಅರಕಲಗೂಡಲ್ಲಿ ಆಗಲಿಲ್ಲ.

ಬೆಳಿಗ್ಗೆ ನೋಡಿದರೆ ಸಾಲು ಬಸ್ ಸ್ಟ್ಯಾಂಡ್ ದಾಟಿ ನಿಂತಿದೆ. ಮಿಕ್ಸಿ, ಟೇಬಲ್ ಫ್ಯಾನು, ಗಿಡಕ್ಕೆ ಔಷಧಿ ಹೊಡೆಯೋ ಸ್ಪ್ರೇಯರು, ಎತ್ತಿನ ಗಾಡಿಯಲ್ಲಿ ಪಂಪ್‌ಸೆಟ್ ಮೋಟರು. ಒಬ್ಬ ತನ್ನ ಟ್ರ್ಯಾಕ್ಟರನ್ನೇ ಇನ್ನೊಂದು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದಿದ್ದ. ಗಿರಣಿಯವನು ಬೀಸೋ ಕಲ್ಲು ಹೊರಿಸಿಕೊಂಡು ಬಂದ. ನನ್ನ ಲೆಕ್ಕದಲ್ಲಿ ಅವತ್ತು ತಾಲ್ಲೂಕಿನಲ್ಲಿ ನಡೆಯೋ ಮಿಷನ್ನು ಒಂದೂ ಮನೆಯಲ್ಲಿ ಉಳಿದಿರಲಿಲ್ಲ. ಕೆಡದೇ ಇದ್ದದ್ದನ್ನೂ, ಸಿಕ್ಕಿದ್ರೆ ಸಿಗಲಿ ಅಂತ ತಂದಿದ್ದರು.

ಮೇಡಮ್ಮ ನನ್ನ ಕಡೆ ನೋಡಿದರು. ನಾನು ಎದೆಯುಬ್ಬಿಸಿ, "ಜನ ಸಾಕಾ ಮೇಡಮ್ಮ?" ಅಂದೆ.

ಆ ತಾಯಿಯ ಗುಣ ದೊಡ್ಡದು. ಬಂದವರನ್ನ ಬರಿಗೈಲಿ ಕಳಿಸಬಾರದು ಅಂತ ಸ್ಕ್ರೂಡ್ರೈವರ್ ತರಿಸಿಕೊಂಡು ಸಂಜೆವರೆಗೂ ಮಿಕ್ಸಿ ಬಿಚ್ಚಿದರು.

ಆ ಸಾಲಿನಲ್ಲಿ ಸ್ಪ್ರೇಯರುಗಳ ಹಿಂದೆ ಒಬ್ಬ ಹೆಣ್ಣುಮಗಳು ನಿಂತಿದ್ದಳು. ಮೂವತ್ತರ ಆಸುಪಾಸು. ಹಳೇ ಸೀರೆಯಲ್ಲಿ ಗಂಟು ಕಟ್ಟಿ ತಲೆ ಮೇಲೆ ಹೊತ್ತಿದ್ದಳು. "ಏನವ್ವಾ ಅದು, ರುಬ್ಬೋ ಕಲ್ಲಾ?" ಅಂದೆ.

"ಕಂಪ್ಯೂಟ್ರು ಯಜಮಾನ್ರೇ. ಇಲ್ಲೇ ಲಗ್ನಪತ್ರಿಕೆ ಟೈಪ್ ಮಾಡೋ ಅಂಗ್ಡಿ ಇಟ್ಕಂಡಿದ್ದೆ. ಇದು ನಿಂತೋಯ್ತು. ಕನ್ನಡದಲ್ಲೇ ಎಲ್ಲಾ ಬತ್ತದಂತಲ್ಲ, ನಿಜ್ವಾ?"

"ನಿಜ ಕಣವ್ವ, ಸಾಲಲ್ಲಿ ನಿಂತ್ಕೊ" ಅಂದೆ. ಸಾಲು ಅಂದರೆ ಸಾಲು. ನನ್ನ ಕಾರ್ಯದಲ್ಲಿ ಯಾರನ್ನೂ ನಡುವೆ ನುಗ್ಗಿಸುವ ಪದ್ಧತಿ ಇಲ್ಲ. ಅವಳು ನಿಂತಳು, ನಿಂತಳು. ಗಿರಣಿಯವನ ಕಲ್ಲಿನ ಸರದಿ ಬರೋ ಹೊತ್ತಿಗೆ ಅವಳ ಊರಿನ ಕಡೇ ಬಸ್ಸು ಹಾರನ್ ಹೊಡೆಯಿತು. ಗಂಟನ್ನ ಮತ್ತೆ ತಲೆಗೇರಿಸಿ, "ಇನ್ನೆಲ್ಲಿ ಮಾಡ್ತೀರಾ?" ಅಂದಳು. "ಚನ್ನರಾಯಪಟ್ಟಣ" ಅಂದೆ. ಬಸ್ಸಿನ ಬಾಗಿಲಲ್ಲಿ ಆ ಗಂಟು ಹಿಡಿಸದೆ ಅವಳು ಅಡ್ಡಡ್ಡ ತಿರುಗಿ ಹತ್ತಿದ್ದು ಕಂಡೆ. ಅಷ್ಟು ಹೊತ್ತೂ ಮೇಡಮ್ಮ ತಲೆ ತಗ್ಗಿಸಿ ಯಾರದೋ ಮಿಕ್ಸಿಯ ಬ್ಲೇಡು ಬಿಚ್ಚುತ್ತಿದ್ದರು.

ಸಾಲಿನ ಕೊನೆಯಲ್ಲಿ ಒಂದು ಅಜ್ಜಿ. ಕೈಯಲ್ಲಿ ಏನೂ ಇಲ್ಲ, ತನ್ನ ಗಂಡನ ರಟ್ಟೆ ಹಿಡಿದುಕೊಂಡು ನಿಂತಿದೆ. "ಇವ್ರಿಗೂ ಏನಾರ ಹಾಕ್ಕೊಡವ್ವ. ಎದ್ದಾಗಿಂದ ಜಗಲಿ ಮೂಲೇಲಿ ಬಿದ್ದಿರ್ತಾರೆ."

ಮೇಡಮ್ಮ ಅವತ್ತು ಮೊದಲ ಸಲ ನಕ್ಕರು. "ಅಜ್ಜಿ, ಅವರಿಗೆ ಹಾಕೋ ಅಂಥದ್ದು ಇನ್ನೂ ಯಾರೂ ಬರೆದಿಲ್ಲ."

"ಓಗ್ಲಿ ಬುಡು. ಆರ್ ತಿಂಗ್ಳಿಗೊಂದು ಹೊಸದು ಬತ್ತದಂತಲ್ಲ, ಆಗ್ಲೇ ಕರ್ಕಂಡ್ ಬತ್ತೀನಿ" ಅಂತ ಅಜ್ಜಿ ಗಂಡನನ್ನ ವಾಪಸ್ ಎಳೆದುಕೊಂಡು ಹೋಯಿತು.

೪. ಹೌಸ್‌ಫುಲ್

ಇನ್ನು ಉಳಿದದ್ದು ಚನ್ನರಾಯಪಟ್ಟಣ ಒಂದೇ. ಮೇಡಮ್ಮನ ದನಿ ಇಳಿದುಹೋಗಿತ್ತು. "ಯಜಮಾನ್ರೇ, ಕೈ ಮುಗೀತೀನಿ. ಈ ಸಲ ಏನೂ ಮಾಡ್ಬೇಡಿ. ನಲವತ್ತೇ ಕುರ್ಚಿ ಹಾಕಿ, ಸುಮ್ಮನೆ ಇದ್ದುಬಿಡಿ. ಬರೋರು ಬರ್ತಾರೆ."

ಸುಮ್ಮನೆ ಇರೋದು ನನ್ನ ಜಾತಕದಲ್ಲಿ ಇಲ್ಲ. ಆದರೂ ಪ್ರಯತ್ನಪಟ್ಟೆ. ನಲವತ್ತೇ ಕುರ್ಚಿ ಹಾಕಿ, ಕಂಬಕ್ಕೆ ಒರಗಿ ನಿಂತೆ. ಬಿಸಿಲೇರಿತು. ಒಂದು ನಾಯಿ ಬಂದು ಮೊದಲ ಸಾಲಿನ ಕುರ್ಚಿ ಕೆಳಗೆ ಮಲಗಿತು. ಮೇಡಮ್ಮ ಪರದೆ ಮುಂದೆ ನಿಂತು ಮೈಕು ಒರೆಸುತ್ತಿದ್ದರು. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದರು. ಮಗಳ ಮದುವೆಗೆ ಗಂಡಿನ ಕಡೆಯವರು ಬರದೇ ಇದ್ದಾಗ ತಾಯಂದಿರು ಹಾಗೇ ಆರತಿ ತಟ್ಟೆ ಒರೆಸುತ್ತಾರೆ. ನಾನು ನೋಡಿದ್ದೀನಿ. ನನ್ನಿಂದ ತಡೆಯೋಕಾಗಲಿಲ್ಲ.

ರಸ್ತೆಯ ಆಚೆ ಒಂದು ಬೀಗರ ಊಟ. ಅದೂ ನನ್ನದೇ ಶಾಮಿಯಾನ. ಬಾಡೂಟದ ಮೊದಲ ಪಂಕ್ತಿ ಕೂತಿತ್ತು, ಎರಡನೆಯದಕ್ಕೆ ಜನ ಬಿಸಿಲಲ್ಲಿ ನಿಂತು ಒಗ್ಗರಣೆ ವಾಸನೆ ಕುಡಿಯುತ್ತಿದ್ದರು. ಹೋಗಿ ಕರೆದೆ. "ಬಿಸ್ಲಲ್ ಯಾಕ್ ನಿಂತೀರಾ? ಬನ್ನಿ, ನೆರಳಲ್ ಕುಂತ್ಕೊಳಿ. ಆ ಮೇಡಮ್ಮ ಒಂದೆರಡು ಮಾತಾಡ್ತಾರೆ. ಕೊನೇಲಿ ಏನಾರ ಕೇಳಿದ್ರೆ ಕೈ ಎತ್ಬುಡಿ, ಪಾಪ, ಅವ್ರಿಗೆ ಸಂತೋಷ ಆಯ್ತದೆ."

ನಲವತ್ತು ಕುರ್ಚಿಯೂ ಭರ್ತಿ. ಕೆಲವರ ತೊಡೆ ಮೇಲೆ ಮಕ್ಕಳು ಬೇರೆ. ಮೇಡಮ್ಮನ ಮುಖ ನೋಡಬೇಕಿತ್ತು. ಮಾತಾಡೋಕೆ ನಿಂತರೆ ಅದೇನು ಮಾತು! ಕಂಪ್ಯೂಟರ್ ಕನ್ನಡ ಕಲಿತ ಕತೆ ಹೇಳಿದರು. ಗೊತ್ತಿಲ್ಲದವರು ಗೊತ್ತಿಲ್ಲದವರಿಗೋಸ್ಕರ ದುಡಿಯೋ ಕತೆ ಹೇಳಿದರು. ಊಟಕ್ಕೆ ಕಾಯೋ ಜನ, ಅಲುಗಾಡದೆ ಕೇಳಿದರು.

ಆಗ ನನ್ನ ಹಿಂದೆ ಯಾರೋ ಕೆಮ್ಮಿದರು. ತಿರುಗಿದರೆ ಅದೇ ಅರಕಲಗೂಡಿನ ಹೆಣ್ಣುಮಗಳು. ತಲೆ ಮೇಲೆ ಅದೇ ಗಂಟು. ಈ ಸಲ ಜೊತೆಗೆ ನಾಲ್ಕೈದು ಜನ ಹೆಂಗಸರು. ಎರಡು ಬಸ್ಸು ಬದಲಾಯಿಸಿ ಬಂದಿದ್ದರು, ಸೀರೆಯೆಲ್ಲ ಧೂಳು.

"ನಾವೆಲ್ಲ ಟೈಪಿಂಗ್ ಕಲ್ತೋರೇ ಯಜಮಾನ್ರೇ. ಕೆಲ್ಸ ಏನಾರ ಇದ್ರೆ ಕಲ್ತು ಮಾಡಣ ಅಂತ ಬಂದ್ವಿ."

"ಜಾಗ ಇಲ್ವಲ್ಲವ್ವ" ಅಂದೆ. ಆ ಮಾತನ್ನ ಹೇಳುವಾಗ ನನಗೆ ಎಷ್ಟು ಹೆಮ್ಮೆ ಆಯಿತು ಅಂತೀರಿ. "ಹೌಸ್‌ಫುಲ್."

"ನಿಂತ್ಕಂಡೇ ಕೇಳ್ತೀವಿ ಬುಡಿ."

"ನನ್ ಶಾಮಿಯಾನ್ದಡಿ ಯಾರೂ ನಿಂತ್ಕಂಡ್ ಕೇಳೋ ಪದ್ಧತಿ ಇಲ್ಲ ಕಣವ್ವ. ನನ್ ಮರ್ಯಾದೆ ಪ್ರಶ್ನೆ."

ಅಷ್ಟರಲ್ಲಿ ಮೈಕಿನಲ್ಲಿ ಮೇಡಮ್ಮನ ದನಿ: "ಮುಂದಿನ ಸಲ ಈ ಕೆಲಸಕ್ಕೆ ಕೈ ಜೋಡಿಸೋರು ಯಾರಾದ್ರೂ ಒಬ್ಬರು ಇದೀರಾ?"

ನಲವತ್ತೂ ಜನ ಒಟ್ಟಿಗೆ ಕೈ ಎತ್ತಿದರು. ತೊಡೆ ಮೇಲಿದ್ದ ಮಕ್ಕಳೂ ಎತ್ತಿದವು. ಮೇಡಮ್ಮ ಮೈಕು ಕೆಳಗಿಟ್ಟು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ನನ್ನ ಪಕ್ಕ ನಿಂತಿದ್ದವಳು ಆ ಕೈಗಳನ್ನೆಲ್ಲ ನೋಡಿದಳು. "ಅಬ್ಬಾ, ಇಷ್ಟ್ ಜನ ಅವ್ರಾ ಇದಕ್ಕೆ? ನಮ್ದೇನ್ ಬೇಕಾಯ್ತದೆ ಬುಡಿ" ಅಂದು, ಜೊತೆಯವರಿಗೆ ಕಣ್ಸನ್ನೆ ಮಾಡಿ, ಗಂಟು ಸರಿಮಾಡಿಕೊಂಡು ಹೊರಟಳು. ನಾನು ಕರೆಯಲಿಲ್ಲ. ಯಾಕೆ ಕರೀಲಿ? ಎದುರಿಗೆ ನಲವತ್ತು ಕೈ ಕಾಣುತ್ತಿದ್ದವು.

ಅವರು ರಸ್ತೆಯ ತಿರುವು ದಾಟಿದ್ದರೋ ಇಲ್ಲವೋ, ಆಚೆ ಶಾಮಿಯಾನದಿಂದ ಕೂಗು ಬಂತು: "ಎಲ್ಡನೇ ಪಂಕ್ತಿ ಬರ್ಬೇಕು, ಎಲೆ ಹಾಕಾಯ್ತು."

ಮುದ್ದೆ ಬಾಡಿನ ಕರೆಗೆ ನಮ್ಮ ಕಡೆ ಜನ ಎದ್ದ ವೇಗಕ್ಕೆ ನನ್ನ ಕಂಬಗಳೇ ಅಲ್ಲಾಡಿದವು. ಎತ್ತಿದ ಕೈ ಇಳಿಸೋಕೂ ಪುರುಸೊತ್ತಿಲ್ಲದೆ, ಕೈ ಮೇಲೆ ಮಾಡಿಕೊಂಡೇ ರಸ್ತೆ ದಾಟಿದರು. ಎರಡೂ ಕಡೆ ಬಸ್ಸು ಲಾರಿಗಳು, ಏನೋ ಮೆರವಣಿಗೆ ಅಂತ ನಿಂತು ದಾರಿ ಬಿಟ್ಟವು. ನಾಯಿಯೂ ಅವರ ಹಿಂದೆ ಹೋಯಿತು.

ಮೇಡಮ್ಮ ಕನ್ನಡಕ ಹಾಕಿಕೊಂಡು ನೋಡಿದರೆ ನಲವತ್ತು ಖಾಲಿ ಕುರ್ಚಿ. ಸಮಾಧಾನ ಮಾಡಬೇಕಲ್ಲ, ನಾನು ಹತ್ತಿರ ಹೋಗಿ ಅಂದೆ: "ಓದ್ರೆ ಓಗ್ಲಿ ಬುಡಿ ಮೇಡಮ್ಮ. ನಮ್ ಸಭೆ ಎಷ್ಟ್ ತುಂಬಿತ್ತು ಅಂದ್ರೆ, ಇನ್ನೂ ನಾಲ್ಕೈದು ಜನ ಬಂದಿದ್ರು, ಜಾಗ ಇಲ್ಲ ಅಂತ ನಾನೇ ವಾಪಸ್ ಕಳ್ಸ್ದೆ."

"ಯಾರು ಬಂದಿದ್ರು?"

"ಅರಕಲಗೂಡ್ನಾಕೆ. ಕಂಪ್ಯೂಟ್ರು ಹೊತ್ಕಂಡು. ಕೆಲ್ಸ ಕಲ್ತು ಮಾಡ್ತೀವಿ ಅಂತಿದ್ರು."

ಮೇಡಮ್ಮ ಪಕ್ಕದ ಕುರ್ಚಿಯಲ್ಲಿ ಮೆಲ್ಲಗೆ ಕೂತರು. ಅವತ್ತು ನಿಜವಾಗಿ ಭರ್ತಿಯಾಗಿದ್ದು ಆ ಒಂದು ಕುರ್ಚಿ. ಟೆಂಪೋದಲ್ಲಿ ಬಸ್ ಸ್ಟ್ಯಾಂಡಿಗೆ ಓಡಿದೆವು. ಅವರು ಹತ್ತಬೇಕಿದ್ದ ಹೊಳೆನರಸೀಪುರದ ಬಸ್ಸು ಹೊಗೆ ಬಿಟ್ಟುಕೊಂಡು ಹೋಗಿಯಾಗಿತ್ತು.

ಮನೆಗೆ ಬಂದು ಹೇಳಿದರೆ ಹೆಂಡತಿ ಅಂದಳು: "ನಾಕ್ ಊರು ಸುತ್ತಿ ಕೊನೇಗೊಂದ್ಸಲ ನಿಜವಾದ ನೆಂಟ್ರು ಬಂದ್ರು. ಅವತ್ತೇ ನಿಮ್ ಶಾಮಿಯಾನ ತುಂಬಬೇಕಿತ್ತಾ?"

ನಾನು ಅವಳ ಹೆಸರೂ ಕೇಳಿರಲಿಲ್ಲ. ಗುರುತು ಹತ್ತೋಕೆ ತಿಂಗಳು ಹಿಡಿದು, ಆಮೇಲೆ ಹುಡುಕಿಕೊಂಡು ಅರಕಲಗೂಡಿಗೆ ಹೋದೆವು, ಮೇಡಮ್ಮ ಮತ್ತು ನಾನು. ಅಂಗಡಿ ಬಾಗಿಲು ಹಾಕಿತ್ತು. ಊರು ಕೇಳಿಕೊಂಡು ಮನೆಗೇ ಹೋದೆವು. ಬಾಯಿ ತುಂಬ "ಬನ್ನಿ" ಅಂದಳು. ಚಾಪೆ ಹಾಕಿ ಕೂರಿಸಿ ಕುಡಿಯೋಕೆ ನೀರು ಕೊಟ್ಟಳು.

"ಕಂಪ್ಯೂಟರ್ ಎಲ್ಲಮ್ಮ?" ಅಂದರು ಮೇಡಮ್ಮ.

ಅವಳು ನಾಚಿಕೊಂಡು ಮೂಲೆಗೆ ಕೈ ತೋರಿಸಿದಳು. ಅಲ್ಲಿ ಎರಡು ಹೊಸ ಪ್ಲಾಸ್ಟಿಕ್ ಬಿಂದಿಗೆ. "ಗುಜರಿಯೋನು ಬಂದಿದ್ದ. ಅಷ್ಟ್ ಜನ ಕೈ ಎತ್ತಿದ್ರಲ್ಲ ಮೇಡಂ, ಇನ್ನು ನಂದ್ಯಾಕೆ ಅಂತ ಕೊಟ್ಬುಟ್ಟೆ. ಈಗ ಹೊಲಿಗೆ ಹಿಡ್ದಿದೀನಿ. ಜೊತೇಲಿದ್ದೋರೂ ಅಷ್ಟೆ, ಒಬ್ಬೊಬ್ರು ಒಂದೊಂದ್ ಕಡೆ ಆದ್ರು."

ಬೇರೆ ಕಂಪ್ಯೂಟರ್ ಕೊಡಿಸ್ತೀನಿ ಅಂದರು ಮೇಡಮ್ಮ. "ಆಗ ಉಮೇದಿತ್ತು ಮೇಡಂ" ಅಂದಳು ಅವಳು, ಅಷ್ಟೇ. ನಾವು ಕುಡಿದದ್ದು ಆ ಬಿಂದಿಗೆಯ ನೀರೇ.

ಮೇಡಮ್ಮ ಆಡಿದ ಮಾತಿಗೆ ತಪ್ಪಲಿಲ್ಲ. ಅದೇ ಕೊನೆಯಾಯಿತು. ಆರು ತಿಂಗಳಿಗೊಂದು ಮಗು ಈಗಲೂ ಹುಟ್ಟುತ್ತದಂತೆ, ಕನ್ನಡ ಬರಲ್ಲವಂತೆ. ದಾರಿಯಲ್ಲಿ ಸಿಕ್ಕರೆ ಮೇಡಮ್ಮ ಸ್ಕೂಟರ್ ನಿಲ್ಲಿಸಿ ನನ್ನ ಮಾತಾಡಿಸ್ತಾರೆ. ನಾನು ಕೋಳಿ ಹೇಗಿದೆ ಅಂತ ಕೇಳ್ತೀನಿ.

ಆದರೆ ಈಗ ನನ್ನ ಶಾಮಿಯಾನಕ್ಕೆ ಬಂದು ನೋಡಿ. ಯಾರ ಮದುವೆ ಆಗಲಿ, ಎಂಥ ದೊಡ್ಡ ಕಾರ್ಯ ಆಗಲಿ, ಮುಂದಿನ ಒಂದು ಸಾಲು ಖಾಲಿ ಬಿಡ್ತೀನಿ. ಯಾರನ್ನೂ ಕೂರಿಸಲ್ಲ. ಮನೆಯವರು ಬೈತಾರೆ, ನೆಂಟರು ಮುನಿಸಿಕೊಳ್ತಾರೆ. ಮೊನ್ನೆ ಒಂದು ಮದುವೆಗೆ ಬಂದ ದೊಡ್ಡ ಮುಖಂಡರು, ಹಿಂದೆ ಮುಂದೆ ಜನ ಕಟ್ಟಿಕೊಂಡು ಸೀದಾ ಹೋಗಿ ಆ ಸಾಲಲ್ಲಿ ಕೂತರು. ನಾನು ಹೋಗಿ ಕೈ ಮುಗಿದು ಏಳಿಸಿದೆ.

ಮುಖಂಡರು ಕೆಂಪಗಾಗಿ ಕೇಳಿದರು: "ಯಾರಿಗಯ್ಯಾ ಈ ಸಾಲು? ನನಗಿಂತ ದೊಡ್ಡೋರು ಯಾರ್ ಬತ್ತಾ ಅವ್ರೆ?"

"ಅರಕಲಗೂಡಿಂದ ಬಸ್ ಬರ್ಬೇಕು ಸಾ" ಅಂದೆ. "ಮಗೀನ ಕಡೆಯೋರು."

ಅವರು ಮದುಮಗಳ ಹೊಟ್ಟೆಯ ಕಡೆ ಒಂದು ಸಲ ನೋಡಿ, ಹಿಂದಿನ ಸಾಲಿಗೆ ಹೋಗಿ ಕೂತರು.